ಒಂದನೇ ಪಿಸ್ಟನ್ನಿನ ನೆತ್ತಿ

ಒಂದನೇ ಪಿಸ್ಟನ್ ತೀರ ಮೇಲೆ ಬಂದದ್ದನ್ನು ತೋರಿಸುವ, ಎಂಜಿನ್ ಪುಲ್ಲಿಯ ಮೇಲಿನ ಗುರುತನ್ನು ನಂಬಿ ಗ್ಯಾರೇಜಿನ ಮೇಸ್ತ್ರಿ ಒಮ್ಮೆ ಕೆಟ್ಟಿದ್ದ. ಹೋದ ತಿಂಗಳು ಇದೇ ಡೀಸೆಲ್ ಕಾರಿಗೆ, ಪಿಸ್ಟನ್ನಿಗೂ ವಾಲ್ವಿಗೂ ತಾಳ ಕೂಡಿಸುವ ಟೈಮಿಂಗ್ ಬೆಲ್ಟ್ ಹಾಕಿ, ಕೈಯಲ್ಲಿ ಎರಡು ಸುತ್ತು ತಿರುಗಿಸಿಯೂ ನೋಡದೆ ಚಾವಿ ಕೊಟ್ಟ. ಟಕ್ ಅಂದಿತು. ಪಿಸ್ಟನ್ ಮೇಲೆ ಬರುವ ಹೊತ್ತಿಗೆ ವಾಲ್ವ್ ಕೆಳಗಿಳಿದಿತ್ತು. ಎತ್ತು ಏರಿಗೆ, ಕೋಣ ನೀರಿಗೆ. ಎರಡೂ ಗುದ್ದಿ ನಾಲ್ಕು ವಾಲ್ವ್ ಬಾಗಿದವು. ನೋಡಿದರೆ, ಆ ಪುಲ್ಲಿಯನ್ನು ಹಿಂದೆ ಯಾರೋ ಬೇರೆ ಕಾರಿನಿಂದ ತಂದು ಕೂರಿಸಿದ್ದರು.

ವಾಲ್ವ್ ಹೊಸದು ಹಾಕಿದ್ದಾಯಿತು. ಇನ್ನೊಮ್ಮೆ ಹೀಗಾದರೆ ಬೋಲ್ಟು ತಿರುಗಿಸುವ ಪಾನಾ ಮುಟ್ಟುವುದಿಲ್ಲ ಎಂದು, ಪಕ್ಕದ ಅಂಗಡಿಯಲ್ಲಿ ಬಟ್ಟೆ ಹೊಲಿಯುವ ಅಕ್ಕನೆದುರು ಹೇಳಿಬಿಟ್ಟಿದ್ದ. ಅವನು ಆಡಿದ ಮಾತು ತಪ್ಪುವವರ ಪೈಕಿಯಲ್ಲ.

ಈ ಸಲ ಗುರುತಿನ ಸಹವಾಸವೇ ಬೇಡವೆಂದು, ವಾಲ್ವ್ ಒತ್ತುವ ಕ್ಯಾಮ್ ಶಾಫ್ಟ್ ಕೂರಿಸುವ ಮೊದಲೇ, ಡೀಸೆಲ್ ಚಿಮ್ಮಿಸುವ ಇಂಜೆಕ್ಟರುಗಳನ್ನೆಲ್ಲ ಬಿಚ್ಚಿದ. ಒಂದನೇ ತೂತಿನಲ್ಲಿ ಸಪೂರ ಕಂಬಿ ಇಳಿಸಿ ಪಿಸ್ಟನ್ನಿನ ತಲೆಯ ಮೇಲೆ ನಿಲ್ಲಿಸಿದ. ಪಾನಾ ಹಾಕಿ ಪುಲ್ಲಿ ತಿರುಗಿಸಿದಂತೆ ಕಂಬಿ ಏರಿತು, ನಿಧಾನವಾಯಿತು, ನಿಂತಿತು. ಪುಲ್ಲಿ ಮಾತ್ರ ಇನ್ನೂ ಒಂದು ಬೆರಳಗಲ ಜರುಗಿದ ಮೇಲೆಯೇ ಕಂಬಿ ಇಳಿಯತೊಡಗಿದ್ದು. ಆ ಬೆರಳಗಲದೊಳಗೆ ನಿಜವಾದ ನೆತ್ತಿ ಎಲ್ಲಿ? ಬೆಲ್ಟ್ ಹಾಕಬೇಕಾದದ್ದು ಪಿಸ್ಟನ್ ಅಲ್ಲಿರುವಾಗಲೇ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹತ್ತು ಸಲ ನೋಡಿದ. ಹತ್ತು ಸಲವೂ ಬೇರೆ ಬೇರೆ ಕಡೆ ಕಂಡಿತು.

ಅಷ್ಟರಲ್ಲಿ ಪಕ್ಕದ ಅಂಗಡಿಯಿಂದ ಅಕ್ಕ ಬಂದಳು. "ಲೋ, ನನ್ನ ಅಳತೆ ಟೇಪ್ ತಗೊಂಡು ಬಂದವನು ಎಲ್ಲೋ ಮಾಯವಾದೆ? ಮೂರು ರವಿಕೆ ಕಾಯ್ತಾ ಇವೆ."

"ತಡಿಯಕ್ಕ. ಇದು ಮೇಲೆ ಹೋಗಿ ನಿಂತ್ಕೊಳುತ್ತೆ. ನಿಂತದ್ದರ ನಡು ಸಿಗ್ತಾ ಇಲ್ಲ."

"ನಿಂತಿರೋದನ್ನ ನೋಡಿದ್ರೆ ಏನು ಸಿಗುತ್ತೆ, ನಿನ್ನ ತಲೆ! ರವಿಕೆ ಬೆನ್ನಿನ ನಡು ಬೇಕು ಅಂದ್ರೆ ನಾನು ನಡೂನೇ ನೋಡ್ಕೊಂಡು ಕೂರ್ತೀನಾ? ಎರಡು ಅಂಚು ಸೇರಿಸಿ ಮಡಿಸ್ತೀನಿ."

"ಇದಕ್ಕೆ ಅಂಚೆಲ್ಲಿದೆ?"

"ಹತ್ತುವಾಗ ಒಂದು, ಇಳಿಯುವಾಗ ಒಂದು. ಓಡ್ತಾ ಇರುವಾಗ ಹಿಡಿಯೋ."

ಮೇಸ್ತ್ರಿ ಪುಲ್ಲಿಯ ಸುತ್ತ ಕಾಗದದ ಪಟ್ಟಿ ಅಂಟಿಸಿದ. ಕಂಬಿಯ ಮೇಲೆ ಅರದಿಂದ ಒಂದು ಗೀರು ಎಳೆದ. ಏರುವಾಗ ಆ ಗೀರು ತೂತಿನ ಬಾಯಿಗೆ ಸರಿಯಾದಾಗ, ಎಂಜಿನ್ನಿನ ಮೈಮೇಲಿನ ಸೂಚಕ ಮುಳ್ಳಿನೆದುರು ಕಾಗದದ ಮೇಲೆ ಪೆನ್ಸಿಲಿಂದ ಗೆರೆ ಹಾಕಿದ. ಹಿಂದಕ್ಕೆ ತಿರುಗಿಸದೆ ಮುಂದೆಯೇ ನಡೆಸಿ, ಇಳಿಯುತ್ತ ಅದೇ ಗೀರು ಅಲ್ಲಿಗೇ ಬಂದಾಗ ಇನ್ನೊಂದು ಗೆರೆ. ಕಾಗದ ಬಿಚ್ಚಿ, ಗೆರೆಯ ಮೇಲೆ ಗೆರೆ ಕೂರಿಸಿ ಅಕ್ಕನೇ ಮಡಿಸಿ ಉಗುರಿನಿಂದ ತೀಡಿದಳು.

ಮೇಸ್ತ್ರಿ ಕಾಗದವನ್ನು ಇದ್ದ ಜಾಗಕ್ಕೇ ಅಂಟಿಸಿ, ಮಡಿಕೆ ಮುಳ್ಳಿನೆದುರು ಬರುವಂತೆ ನಿಲ್ಲಿಸಿದ. ಮೂರು ಸಲ ಮಾಡಿ ನೋಡಿದ. ಮೂರು ಸಲವೂ ಕೂದಲೆಳೆ ಆಚೀಚೆ ಇಲ್ಲ.

ಕ್ಯಾಮ್ ಶಾಫ್ಟ್ ಕೂತಿತು, ಬೆಲ್ಟ್ ಬಿಗಿಯಾಯಿತು. ಪಾನಾದಲ್ಲಿ ಎರಡು ಸುತ್ತು ನಿಧಾನ ತಿರುಗಿಸಿದ. ಎಲ್ಲೂ ತಡೆಯಲಿಲ್ಲ. ಇಂಜೆಕ್ಟರು ಜೋಡಿಸಿ ಚಾವಿ ಹಿಡಿದಾಗ ಮಾತ್ರ ಬೆರಳು ಹಿಂಜರಿಯಿತು.

"ಕೊಡೋ, ನಾನಾದ್ರೂ ತಿರುಗಿಸ್ತೀನಿ," ಎಂದಳು ಅಕ್ಕ.

"ಬೇಡ," ಎಂದು ತಾನೇ ತಿರುಗಿಸಿದ.

ಎಂಜಿನ್ ಕೆಮ್ಮಿತು, ಹೊಗೆ ಉಗುಳಿತು, ಹಿಡಿದುಕೊಂಡಿತು. ಮೇಸ್ತ್ರಿ ಕಿವಿಗೊಟ್ಟು ಬಹಳ ಹೊತ್ತು ನಿಂತ.

"ನಾಳೆ ಬಿಳಿ ಕಾರಿನವರಿಗೆ ಬರೋಕೆ ಹೇಳ್ತೀನಿ," ಎಂದ. "ಅದಕ್ಕೂ ಬೆಲ್ಟು ಬೇಕಂತೆ."