ನನ್ನ ಮೂಲೆ ಹಿಡಿದವರು

ನಾನು ಒಂದು ಕಂಬಳಿ. ಮೆತ್ತನೆಯ ಶಾಲು ಅಲ್ಲ. ಗಿರಣಿಯಲ್ಲಿ ಒರಟು ಉಣ್ಣೆಯಿಂದ ನೇಯ್ದು, ನಂಬರು ಒತ್ತಿ, ಅಣ್ಣತಮ್ಮಂದಿರ ಜೊತೆ ಮೂಟೆ ಕಟ್ಟಿ ನನ್ನನ್ನು ಒಂದು ಸೈನಿಕ ತರಬೇತಿ ಕೇಂದ್ರಕ್ಕೆ ಕಳಿಸಿದರು. ಚಳಿ ಕಾಯುವುದಷ್ಟೇ ನನ್ನ ಕೆಲಸವೆಂದುಕೊಂಡಿದ್ದೆ. ಬ್ಯಾರಕ್ಕಿನಲ್ಲಿ ಇನ್ನೊಂದು ಕೆಲಸವೂ ಕಾದಿತ್ತು. ಅದಕ್ಕೆ ‘ಕಂಬಲ್ ಪರೇಡ್’ ಎನ್ನುತ್ತಿದ್ದರು. ಹೊಸಬನ ತಲೆಗೆ ಕಂಬಳಿ ಮುಚ್ಚಿ, ಮೂಲೆಗಳನ್ನು ಬಿಗಿಹಿಡಿದು, ಎಲ್ಲರೂ ಸೇರಿ ಗುದ್ದುವುದು. ಹೊಡೆದವರು ಯಾರೆಂದು ಅವನಿಗೆ ಕಾಣಬಾರದು.

ನನ್ನನ್ನು ಮೊದಲು ಹೊದ್ದವನು ಸಿಂದಗಿ ಕಡೆಯ ಸೋಮನಿಂಗ. ಪಕ್ಕದ ಮಂಚದಲ್ಲಿ ಅವನ ಊರಿನವನೇ ಆದ ಭರಮಣ್ಣ. ಇಬ್ಬರೂ ಒಟ್ಟಿಗೆ ಓಡಿ ಆಯ್ಕೆಯಾಗಿ ಬಂದವರು. ಒಂದು ಭಾನುವಾರ ಹಳೆಯ ಬ್ಯಾಚಿನ ಧರಣಪ್ಪ ತನ್ನ ಕೊಳೆಬಟ್ಟೆಗಳನ್ನು ತಂದು ಸೋಮನಿಂಗನ ಮುಂದೆ ಸುರಿದ.

“ನನ್ನ ಅರಿವಿ ನಾ ಒಗೀತೀನ್ರಿ. ನಿಮ್ಮವು ನೀವು ಒಗಕೋರಿ.”

ಇದೆಂಥ ಮಾತಾಡಿಬಿಟ್ಟೆಯಪ್ಪಾ ಎಂದು ನನಗೆ ಭಯವಾಯಿತು. ಧರಣಪ್ಪ ನನ್ನನ್ನೇ ಎಳೆದು ಅವನ ತಲೆಗೆ ಮುಚ್ಚಿದ. ಉಳಿದ ಹೊಸಬರನ್ನೂ ಕರೆದ.

“ಮೂಲೆ ಹಿಡ್ಕೊಳ್ರೋ! ಯಾವನು ಹೊಡೆಯಲ್ವೋ, ಮುಂದಿನ ಸರದಿ ಅವನ್ದು.”

ನಾನು ದಪ್ಪಗಿದ್ದೆ, ಆದರೆ ಏಟು ತಡೆಯುವಷ್ಟು ಇರಲಿಲ್ಲ. ಎಡಗಿವಿಗೆ ಬಿದ್ದ ಒಂದು ಗುದ್ದಿಗೆ ಸೋಮನಿಂಗ ಕುಸಿದ.

ಆ ಕಿವಿ ಮತ್ತೆ ಕೇಳಲಿಲ್ಲ. ಡಾಕ್ಟರಿಗೆ ಗೊತ್ತಾದರೆ ನೌಕರಿ ಹೋಗುತ್ತದೆಂದು ಅವನು ಬಾಯಿ ಬಿಡಲಿಲ್ಲ. ಬಲಗಿವಿಯನ್ನೇ ಮುಂದೆ ಮಾಡಿ ಹೇಗೋ ದಿನ ದೂಡಿದ. ಕವಾಯತಿನಲ್ಲಿ ಎಲ್ಲರೂ ನಿಂತ ಮೇಲೂ ಇವನೊಬ್ಬನೇ ನಡೆದುಹೋದಾಗ ಗುಟ್ಟು ರಟ್ಟಾಯಿತು. ಯಾರು ಹೊಡೆದರೆಂದು ಸಾಹೇಬರು ಕೇಳಿದರೆ, ಬಚ್ಚಲಲ್ಲಿ ಜಾರಿಬಿದ್ದೆ ಎಂದ. ಅನರ್ಹನೆಂದು ಅವನನ್ನು ಮನೆಗೆ ಕಳಿಸಿದರು.

ಹೊರಡುವ ಮುಂಚೆ ಅವನು ನನ್ನನ್ನು ಮಡಚುತ್ತಿದ್ದಾಗ ಭರಮಣ್ಣ ಬಂದು ನಿಂತ.

“ಊರಾಗ ಏನಂತ ಹೇಳ್ತಿ?”

“ಬಿದ್ದೆ ಅಂತೀನಿ.” ಸೋಮನಿಂಗ ತಲೆ ಎತ್ತಲಿಲ್ಲ. “ನೀನೂ ಹೊಡದಿ, ಗೊತ್ತೈತಿ ನನಗ. ಎಲ್ಲಾರಕಿಂತ ಮೆತ್ತಗ ಹೊಡದಿ. ಅದಕ್ಕ ಗೊತ್ತಾತು.”

ಭರಮಣ್ಣ ಗೋಡೆಗೆ ಮುಖ ಮಾಡಿ ಅತ್ತ. ಇನ್ನು ಈ ಹುಡುಗ ಯಾರ ಮೇಲೂ ಕೈ ಎತ್ತಲಾರ ಎಂದು ನಾನು ನಂಬಿದೆ.

ಧರಣಪ್ಪನ ಬ್ಯಾಚು ಹೋಯಿತು, ಹೊಸಬರು ಬಂದರು. ನನ್ನ ಹೊಸ ಹುಡುಗನ ಹೆಸರು ಈರಯ್ಯ. ಬೂಟು ಕಚ್ಚಿ ಅವನ ಕಾಲಲ್ಲಿ ಬೊಬ್ಬೆ ಎದ್ದಾಗ ಎಣ್ಣೆ ಹಚ್ಚಿದವನು ಭರಮಣ್ಣನೇ. ಅಣ್ಣಾ ಅಣ್ಣಾ ಎಂದು ಈರಯ್ಯ ಅವನ ಹಿಂದೆಯೇ ಸುತ್ತುತ್ತಿದ್ದ. ಆದರೂ ಒಂದು ದಿನ ನನ್ನನ್ನು ಅವನ ತಲೆಗೆ ಮುಚ್ಚಿಯೇ ಮುಚ್ಚಿದರು.

ಈಗ ನನಗೆ ವಯಸ್ಸಾಗಿದೆ, ಮೈಯೆಲ್ಲ ತೂತು. ಕಾವಲು ನಾಯಿಯ ಗೂಡಿನಲ್ಲಿ ಹಾಸಿದ್ದಾರೆ. ಎಲ್ಲ ಸಾಕಾಗಿದೆ. ನಾಯಿ ನೆಮ್ಮದಿಯಾಗಿ ಮಲಗುತ್ತದೆ, ನನಗೆ ನಿದ್ದೆ ಬರುವುದಿಲ್ಲ. ಆ ದಿನ ನನ್ನ ಒಳಗಿನಿಂದ ಈರಯ್ಯ, “ಭರಮಣ್ಣಾ, ಎಲ್ಲಿದ್ದೀ, ಬಿಡಸೋ ಅಣ್ಣಾ!” ಎಂದು ಕೂಗುತ್ತಲೇ ಇದ್ದ. ಭರಮಣ್ಣ ಅಲ್ಲೇ ಇದ್ದ, ನನ್ನ ಮೂಲೆ ಹಿಡಿದುಕೊಂಡು.