ಹೌದಪ್ಪ ಅಲ್ಲ ಎಂದ ದಿನ

ನನ್ನ ತಂಗಿಯ ಗಂಡನಿಗೆ ಹೌದಪ್ಪ ಎಂದು ಅಡ್ಡಹೆಸರಿಟ್ಟವಳು ತಂಗಿಯೇ. ಮಾಲೀಕ ಕೆಮ್ಮಿದರೂ ಹೌದು, ನಮ್ಮಪ್ಪ ಸೀನಿದರೂ ಹೌದು. “ನಾನು ಮಾತಾಡಿದ್ರೆ ಮಾತ್ರ ಅವ್ನ ಬಾಯಿಂದ ಹೌದು ಬರಲ್ಲ ಕಣೇ ಅಕ್ಕಾ” ಎಂದು ನಗುತ್ತಿದ್ದಳು. ಆಗ ಆತ ಅಂಗಿ ಗುಂಡಿ ಮಾಡುವ ಕಾರ್ಖಾನೆಯಲ್ಲಿ ಸ್ಟೋರ್ ಕೀಪರ್. ಸೊಂಟದಲ್ಲಿ ಕೀಲಿಗೊಂಚಲು ಕುಣಿಸುತ್ತಾ ಬಂದರೆ ಕಾರ್ಖಾನೆಯೇ ಇವನಪ್ಪನದು ಅನ್ನಬೇಕು. ಕಾರ್ಖಾನೆಗೆ ಬೀಗ ಬಿದ್ದ ಮೇಲೂ ಆ ಗೊಂಚಲು ಸೊಂಟ ಬಿಟ್ಟಿರಲಿಲ್ಲ.

ಒಂದು ದಿನ ತಂಗಿ ಕಾಣೆಯಾದಳು. ಜಗಳವಾಡಿ ಹೊರಟುಹೋದಳು ಎಂದ ಹೌದಪ್ಪ. ಚಪ್ಪಲಿ ಬಾಗಿಲಲ್ಲೇ ಇತ್ತು. ಬರಿಗಾಲಲ್ಲಿ ಎಲ್ಲಿಗೆ ಹೋಗುತ್ತಾಳೆ ಎಂದು ನಾನು ಠಾಣೆಯಲ್ಲಿ ಬಾಯಿ ಬಡಿದುಕೊಂಡೆ. ಇನ್‌ಸ್ಪೆಕ್ಟರ್ ಹಲ್ಲುಕಡ್ಡಿ ಆಡಿಸುತ್ತಾ, “ಕೋಪ ಇಳಿದ್ಮೇಲೆ ಬರ್ತಾರೆ ಬಿಡಿಯಮ್ಮ” ಎಂದ. ನಾಲ್ಕು ವರ್ಷವಾಯಿತು, ಕೋಪ ಇನ್ನೂ ಇಳಿಯುತ್ತಲೇ ಇದೆ.

ನನ್ನದು ಜೆರಾಕ್ಸ್ ಅಂಗಡಿ. ಮೆಷಿನ್ ಬಿಸಿಯಾಗಿ ನಿಲ್ಲುವವರೆಗೂ ಅವಳ ಮುಖ ಅಚ್ಚು ಹಾಕಿದೆ. ಹೌದಪ್ಪ ಸ್ಟುಡಿಯೋದಲ್ಲಿ ತೆಗೆಸಿದ ತನ್ನ ಫೋಟೋ ಹಿಡಿದು ಬಂದ. “ಅತ್ತಿಗೆ, ಇದನ್ನೂ ಹಾಕಿ. ಹುಡುಕ್ತಿರೋದು ಯಾರು ಅಂತ ಜನಕ್ಕೆ ಗೊತ್ತಾಗ್ಬೇಕಲ್ವಾ?” ಬಲು ನೊಂದವನು, ಪಾಪ! ಫೋಟೋಗೆ ಕ್ರಾಪು ಮಾತ್ರ ತಪ್ಪದೆ ತೀಡಿಕೊಂಡಿದ್ದ.

ಆಮೇಲೆ ಅವನಿಗೆ ಇನ್ನೊಂದು ಹೆಣ್ಣು ಗೊತ್ತಾಯಿತು. ಮದುವೆಗೆ ಅಡ್ಡ ಒಂದೇ: ಮೊದಲ ಹೆಂಡತಿ ಸತ್ತಿದ್ದಾಳೆ ಎಂದು ಯಾರಾದರೂ ಬರೆದುಕೊಡಬೇಕಿತ್ತು. ಅಂದಿನಿಂದ ಎಲ್ಲಿ ಮೂಳೆ ಸಿಕ್ಕಿದರೂ ಅದು ಅವನ ಹೆಂಡತಿಯದೇ. ರೈಲು ಹಳಿಯ ಪಕ್ಕ ಸಿಕ್ಕಿದ ಮೂಳೆಗಳ ಮುಂದೆ ಕರವಸ್ತ್ರ ಒದ್ದೆ ಮಾಡಿಕೊಂಡು “ಇವಳೇ, ನನ್ನೋಳೇ!” ಎಂದು ಗೋಳಿಟ್ಟ. ಅದು ಅರವತ್ತು ದಾಟಿದ ಗಂಡಸು ಎಂದರು ಶವಾಗಾರದ ಡಾಕ್ಟರಮ್ಮ. ಇನ್ನೊಂದು ಸಲ ಕಸದ ರಾಶಿಯಲ್ಲಿ ತಲೆಬುರುಡೆ ಸಿಕ್ಕಿತು. “ಅದೇ ನಗು” ಎಂದು ಎದೆ ಬಡಿದುಕೊಂಡ. ಡಾಕ್ಟರಮ್ಮ ಬುರುಡೆಯನ್ನು ತಿರುಗಿಸಿ ತೋರಿಸಿದರು. “ನಿಮ್ಮ ಹೆಂಡ್ತಿ ದವಡೆಗೆ ಸ್ಪ್ರಿಂಗ್ ಇತ್ತೇನಪ್ಪಾ? ಇದು ಕಾಲೇಜಿನವರು ಪಾಠಕ್ಕೆ ಇಟ್ಕೊಂಡು ಬಿಸಾಕಿದ್ದು.”

ಎರಡು ಸಲವೂ ಇನ್‌ಸ್ಪೆಕ್ಟರನಿಗೆ ಹೌದಪ್ಪನಿಗಿಂತ ಹೆಚ್ಚು ನಿರಾಸೆಯಾಯಿತು. ಕೇಸು ಮುಚ್ಚುವ ಆಸೆ ಅವನಿಗೂ ಇತ್ತಲ್ಲ. ತಂಗಿ ಚಿಕ್ಕವಳಿದ್ದಾಗ ಸೈಕಲ್‌ನಿಂದ ಬಿದ್ದು ಎಡಗೈ ಮುರಿದಿತ್ತು, ಮೊಣಕೈ ಕೆಳಗೆ ಮೂಳೆ ಸೊಟ್ಟಗೆ ಕೂಡಿಕೊಂಡಿದೆ ಎಂದು ನಾನು ಹೇಳುತ್ತಲೇ ಇದ್ದೆ. ಆತ ಕಿವಿ ಕೆರೆದುಕೊಳ್ಳುತ್ತಲೇ ಇದ್ದ.

ಕಳೆದ ವಾರ ಮತ್ತೆ ಕರೆ ಬಂತು. ಶವಾಗಾರದಲ್ಲಿ ಫಿನಾಯಿಲ್ ವಾಸನೆ, ಗುಂಯ್‌ಗುಡುವ ಟ್ಯೂಬ್‌ಲೈಟು. ಸ್ಟೀಲ್ ಮೇಜಿನ ಮೇಲೆ ಬಿಳಿ ಬಟ್ಟೆ ಹೊದಿಸಿದ್ದರು. ಹೌದಪ್ಪ ಇಸ್ತ್ರಿ ಅಂಗಿ ತೊಟ್ಟು ಬಂದಿದ್ದ. ಕರವಸ್ತ್ರ ಆಗಲೇ ಕೈಯಲ್ಲಿತ್ತು, ಮುಖವೂ ಅಳುವುದಕ್ಕೆ ಸಜ್ಜಾಗಿತ್ತು.

“ಈ ಸಲ ಎಲ್ಲಿ ಸಿಕ್ತು ಸಾರ್?” ಎಂದೆ.

“ಆ ಗುಂಡಿ ಕಾರ್ಖಾನೆ ಕೆಡವ್ತಿದಾರಲ್ಲಮ್ಮ, ಅದರ ಹಿಂದಿನ ಗುಂಡೀಲಿ” ಎಂದು ಇನ್‌ಸ್ಪೆಕ್ಟರ್ ತನ್ನ ಮಾತಿಗೆ ತಾನೇ ನಕ್ಕ.

ಹೌದಪ್ಪ ನಗಲಿಲ್ಲ. ಕರವಸ್ತ್ರವನ್ನು ಮಡಿಸಿ ಜೇಬಿಗೆ ಹಾಕಿಕೊಂಡ.

“ಅಲ್ಲ. ಇವಳಲ್ಲ” ಎಂದ.

ಬಟ್ಟೆ ಇನ್ನೂ ತೆಗೆದಿರಲಿಲ್ಲ.

“ನೋಡಪ್ಪ ಮೊದ್ಲು” ಎಂದರು ಡಾಕ್ಟರಮ್ಮ.

“ನೋಡೋದೇನು? ನನ್ ಹೆಂಡ್ತಿ ನನಗೆ ಗೊತ್ತಾಗಲ್ವಾ? ಅಲ್ಲ ಅಂದ್ರೆ ಅಲ್ಲ. ನಡೀರಿ ಅತ್ತಿಗೆ, ಹೋಗೋಣ.”

ನಾನು ಮೇಜಿನ ಹತ್ತಿರಕ್ಕೆ ಹೋದೆ. ಡಾಕ್ಟರಮ್ಮ ಬಟ್ಟೆ ಸರಿಸಿದರು. ನಾನು ಎಡಗೈಯನ್ನಷ್ಟೇ ನೋಡಿದೆ. ಮೊಣಕೈ ಕೆಳಗೆ ಅದೇ ಸೊಟ್ಟು. ಜಡೆ ಹಾಕುವಾಗ, ಬಳೆ ತೊಡಿಸುವಾಗ ನನ್ನ ಬೆರಳು ಎಷ್ಟೋ ಸಲ ಸವರಿದ್ದ ಸೊಟ್ಟು. ಮೇಜಿನ ಅಂಚು ಹಿಡಿದು ಅತ್ತೆ. ಇಷ್ಟು ವರ್ಷ ಅವಳು ಬದುಕಿರಬಹುದು ಎಂದುಕೊಂಡ ಒಂದೊಂದು ಬೆಳಗನ್ನೂ ನೆನೆದು ಅತ್ತೆ.

“ಖಾತ್ರಿಗೆ ನಿಮ್ಮ ರಕ್ತ ತಗೊಂಡು ಪರೀಕ್ಷೆ ಮಾಡ್ಬೇಕಮ್ಮ” ಎಂದರು ಡಾಕ್ಟರಮ್ಮ, ಮೆಲ್ಲಗೆ.

“ಎಷ್ಟು ಬೇಕಾದ್ರೂ ತಗೊಳ್ಳಿ.”

“ಗಂಡನೇ ಅಲ್ಲ ಅಂತಿದಾನಲ್ಲಮ್ಮ” ಎಂದು ಇನ್‌ಸ್ಪೆಕ್ಟರ್ ಆಕಳಿಸಿದ.

ನಾನು ಕಣ್ಣೊರೆಸಿಕೊಂಡೆ. “ಅದನ್ನೇ ಬರ್ಕೊಳ್ಳಿ ಸಾರ್. ಮುದುಕನ ಮೂಳೆಗೆ ಹೌದು ಅಂದೋನು, ಸ್ಪ್ರಿಂಗ್ ಹಾಕಿದ ಬುರುಡೆಗೆ ಹೌದು ಅಂದೋನು, ಇವತ್ತು ಬಟ್ಟೆ ತೆಗೆಯೋಕೆ ಮುಂಚೆ ಅಲ್ಲ ಅಂದ. ಆ ಕಾರ್ಖಾನೆ ಕೀಲಿ ಯಾರ ಸೊಂಟದಲ್ಲಿತ್ತು ಅಂತ ಕೇಳಿ.”

ಇನ್‌ಸ್ಪೆಕ್ಟರನ ಬಾಯಿ ಆಕಳಿಕೆಯ ನಡುವೆಯೇ ಮುಚ್ಚಿಕೊಂಡಿತು. ನಾಲ್ಕು ವರ್ಷಗಳಲ್ಲಿ ಮೊದಲ ಬಾರಿಗೆ ಅವನು ನನ್ನ ತಂಗಿಯ ಗಂಡನ ಮುಖವನ್ನು ಸರಿಯಾಗಿ ನೋಡಿದ.

“ಏನಯ್ಯಾ, ನೀನು ಅಲ್ಲಿ ಕೆಲಸಕ್ಕಿದ್ದೆಯಾ?”

ಕಂಡಕಂಡದ್ದಕ್ಕೆಲ್ಲ ಹೌದು ಎಂದು ತಲೆಯಾಡಿಸುತ್ತಾ ಬಂದವನ ಬಾಯಿಂದ ಆ ಒಂದು ಹೌದು ಮಾತ್ರ ಹೊರಡಲಿಲ್ಲ.