ಅಂಚಿಗೆ ತಾಗಿದ ಚೆಂಡು

ಟೇಬಲ್ ಟೆನಿಸ್ ಬ್ಯಾಟಿನಿಂದ ಕಿತ್ತುಬಂದಿದ್ದ ರಬ್ಬರಿನ ಅಡಿಗೆ ಗೋವಿಂದರಾಜು ಸಲ್ಯೂಷನ್ ಸವರುತ್ತಿದ್ದ. ಗುಬ್ಬಿಯಲ್ಲಿದ್ದ ಅಪ್ಪನ ಪಂಕ್ಚರ್ ಅಂಗಡಿಯ ವಾಸನೆ ಮೂಗಿಗೆ ಅಡರಿತು. ಅಲ್ಲಿ ಟ್ಯೂಬನ್ನು ನೀರಿಗೆ ಅದ್ದಿದರೆ ಎಂಥ ಸಣ್ಣ ತೂತೂ ಗುಳ್ಳೆ ಎಬ್ಬಿಸಿ ತೋರಿಸಿಬಿಡುತ್ತಿತ್ತು.

"ಗಟ್ಟಿಯಾಗಿ ಕೂತ್ರೆ ಸಾಕು ಅಂಕಲ್. ಅಪ್ಪನ ಜೊತೇಲೇ ಇಟ್ಟು ಕಳಿಸ್ತೀವಿ," ಎಂದಳು ಮಾನಸಾ.

ಉಪ್ಪಾರಹಳ್ಳಿಯ ಆ ಮನೆಯ ಹಜಾರದಲ್ಲಿ ಅವಳಪ್ಪ ಲಕ್ಷ್ಮೀನರಸಿಂಹಯ್ಯ ಮೇಷ್ಟ್ರನ್ನು ಮಲಗಿಸಿದ್ದರು. ಬೆಳಗಿನ ಜಾವ ಎದೆನೋವು ಬಂದು ಹೋಗಿಬಿಟ್ಟಿದ್ದರು. ಹುಲಿಯೂರುದುರ್ಗದ ನೆಂಟರು ಕುಣಿಗಲ್ ದಾಟಿದ್ದರು. ಅವರು ಬಂದೊಡನೆ ಎತ್ತುವುದು. ಹೊರಗೆ ಬೆಂಕಿಗೆ ಹಿಡಿದು ತಮಟೆ ಕಾಯಿಸುತ್ತಿದ್ದರು. ಪರೀಕ್ಷೆಗೆಂದು ಹೊಡೆದ ಒಂದೊಂದು ಪೆಟ್ಟಿಗೂ ಗೋವಿಂದರಾಜು ಸವರುವುದನ್ನು ನಿಲ್ಲಿಸುತ್ತಿದ್ದ.

ಕ್ಲಬ್ಬಿನ ಗೆಳೆಯ ಶಿವಮೂರ್ತಿ ಪಕ್ಕಕ್ಕೆ ಸರಿದು ಪಿಸುಗುಟ್ಟಿದ. "ಏನ್ಲಾ ಗೋವಿಂದ, ಹನ್ನೊಂದು ವರ್ಷಕ್ಕೆ ನಿನ್ನೆ ಒಂದ್ಸಲ ಗೆದ್ದೆ. ಮೇಷ್ಟ್ರು ಇನ್ನು ಆಟಾನೇ ಬ್ಯಾಡ ಅಂತ ಎದ್ದೋದ್ರಲ್ಲೋ."

"ಸುಮ್ನಿರು."

"ತಮಾಷೆಗಂದೆ ಬುಡು."

ಒಳಗಿಂದ ಮೇಷ್ಟ್ರ ಹೆಂಡತಿ ದೊಡ್ಡಗಂಗಮ್ಮ ಕರೆದರು. "ನಿನ್ನೆ ಕ್ಲಬ್ಬಿಂದ ಬಂದೋರು ಮಾತೇ ಆಡ್ಲಿಲ್ಲ ಕಣಪ್ಪ. ರಬ್ಬರ್ ಕೀಳ್ತಾ ಕೂತಿದ್ರು. ಅಲ್ಲೇನಾರ ಆಯ್ತಾ?"

"ಇಲ್ಲಮ್ಮ."

"ಮಲಗೋ ಹೊತ್ಗೆ ಮಾತ್ರ, ಗೋವಿಂದಂಗೆ ಸೋತಿದೀನಿ, ಬೆಳಗ್ಗೆ ತಟ್ಟೆ ಇಡ್ಲಿ ಕೊಂಡೋಗ್ಬೇಕು ಅಂತ ಕ್ಯಾರಿಯರ್ ತೊಳ್ಸಿ ಮಡಗಿದ್ರು."

ಸೋತವರು ಮರುದಿನ ಗೆದ್ದವರಿಗೆ ತಿಂಡಿ ತರಬೇಕೆಂಬುದು ಮೇಷ್ಟ್ರೇ ಹಾಕಿಕೊಟ್ಟ ರೂಢಿ. ಅಡುಗೆಮನೆಯ ಕಟ್ಟೆಯ ಮೇಲೆ ಕ್ಯಾರಿಯರಿನ ಡಬ್ಬಿಗಳು ಕವುಚಿಕೊಂಡಿದ್ದವು.

*

ಕ್ಲಬ್ಬಿನಲ್ಲಿ ಅಂಪೈರ್ ಇರಲಿಲ್ಲ. ಟೇಬಲ್ಲಿನ ಅಂಚಿಗೆ ತಾಗಿದರೂ ಚೆಂಡು ಒಳಗೇ ಲೆಕ್ಕ; ತಾಗಿತೋ ಇಲ್ಲವೋ ಎಂಬುದಕ್ಕೆ, ಚೆಂಡು ಯಾರ ಕಡೆ ಬಿತ್ತೋ ಅವರ ಮಾತೇ ಕೊನೆ.

ನಿನ್ನೆ ಸಂಜೆ ಹತ್ತು–ಒಂಬತ್ತು. ಇನ್ನೊಂದೇ ಪಾಯಿಂಟಿಗೆ ಮೇಷ್ಟ್ರು ಗೆಲ್ಲುತ್ತಿದ್ದರು. ಅವರು ಹೊಡೆದ ಚೆಂಡು ಗೋವಿಂದರಾಜುವಿನ ಕಡೆಯ ಅಂಚನ್ನು ಸವರಿ ಕೆಳಗೆ ಜಾರಿತು. ಟಿಕ್ ಎಂದದ್ದು ಅವನಿಗೆ ಕೇಳಿಸಿತು.

"ಹೊರಗೆ," ಎಂದ.

ಮೇಷ್ಟ್ರು ಅಂಚನ್ನೊಮ್ಮೆ, ಅವನನ್ನೊಮ್ಮೆ ನೋಡಿದರು. "ನೀನು ಹೇಳಿದ್ಮೇಲೆ ಮುಗೀತು."

ಮುಂದಿನ ಎರಡು ಪಾಯಿಂಟೂ ಗೋವಿಂದರಾಜುವಿಗೇ ಬಂದವು, ಆಟವೂ ಬಂತು. ಕೈ ಕುಲುಕಿದ ಮೇಷ್ಟ್ರು ಆ ಕೈಯನ್ನು ಬಿಡದೆ, ತಮ್ಮ ಜೇಬಿನಿಂದ ಎರಡು ಬಿಸ್ಕತ್ತು ತೆಗೆದು ಅದರಲ್ಲಿಟ್ಟರು. "ನಡುಗ್ತಾ ಇದೀಯ. ಷುಗರ್ ಇಳಿದಿರ್ಬೇಕು, ತಿನ್ನು."

*

ನೆಂಟರು ಬಂದರು, ತಮಟೆ ಜೋರಾಯಿತು. ಮಾನಸಾ ಬ್ಯಾಟನ್ನು ಅಪ್ಪನ ಬಲಗೈ ಪಕ್ಕದಲ್ಲಿಟ್ಟಳು. ಬಾಯಿಗೆ ಅಕ್ಕಿಕಾಳು ಹಾಕುವ ಸರದಿ ಬಂದಾಗ ಗೋವಿಂದರಾಜು ಮೇಷ್ಟ್ರ ಕಿವಿಯ ಹತ್ತಿರ ಬಾಗಿದ. "ತಾಗಿತ್ತು ಮೇಷ್ಟ್ರೇ," ಎಂದ. ಆ ಸದ್ದಿನಲ್ಲಿ ಅವನ ಮಾತು ಅವನಿಗೇ ಕೇಳಿಸಲಿಲ್ಲ.

ಮೇಷ್ಟ್ರನ್ನು ಎತ್ತಿಕೊಂಡು ಎಲ್ಲರೂ ಹೊರಟಾಗ ಅವನು ಹಿಂದೆಯೇ ಉಳಿದು, ಅಡುಗೆಮನೆಯ ಕ್ಯಾರಿಯರನ್ನು ಎತ್ತಿಕೊಂಡು ತನ್ನ ಮನೆಯಲ್ಲಿಟ್ಟು, ಆಮೇಲೆ ಮಣ್ಣಿಗೆ ಹೋದ.

ಸಂಜೆ ಎಲ್ಲರೂ ಬಂದು ದೀಪ ನೋಡಿ ಕೂತಿದ್ದರು. ಆ ಮನೆಯಲ್ಲಿ ಅಂದು ಒಲೆ ಹಚ್ಚಿರಲಿಲ್ಲ. ಗೋವಿಂದರಾಜು ಕ್ಯಾರಿಯರ್ ಹಿಡಿದು ಹೊಸಿಲಲ್ಲಿ ನಿಂತ. ಮುಚ್ಚಳದ ಸಂದಿಯಿಂದ ಇಡ್ಲಿಯ ಹಬೆ ಬರುತ್ತಿತ್ತು.

ದೊಡ್ಡಗಂಗಮ್ಮ ತಮ್ಮ ಮನೆಯ ಕ್ಯಾರಿಯರನ್ನು ಗುರುತು ಹಿಡಿದರು. "ಗೆದ್ದೋರು ತರಂಗಿಲ್ವಲ್ಲಪ್ಪ."

ಮೂಲೆಯಲ್ಲಿದ್ದ ಶಿವಮೂರ್ತಿ ತಲೆಯೆತ್ತಿ ನೋಡಿದ.

ಗೋವಿಂದರಾಜು ಒಳಗೆ ಬಂದು, ಎರಡೂ ಕೈಯಿಂದ ಕ್ಯಾರಿಯರನ್ನು ಅವರ ಮುಂದೆ ಹಿಡಿದ. ಕೈ ನಡುಗಿ ಡಬ್ಬಿಗಳು ಒಂದಕ್ಕೊಂದು ತಾಗುತ್ತಿದ್ದವು: ಟಿಕ್, ಟಿಕ್.